ಮಗನಿಗೆ ಚಿಕ್ಕ ಕಾಲೇಜಿನ ಫುಟ್‌ಬಾಲ್ ಕೋಚ್ ಫೋನ್ ಮಾಡಿದ್ದರು. ಅವರನ್ನು ಏನು ಕೇಳಬೇಕು?

ರಾಚೆಸ್ಟರ್ ಅಮ್ಮ:

ಎಲ್ಲರಿಗೂ ನಮಸ್ಕಾರ. ನಾವು ಹಾಸನದ ಕಡೆಯವರು. ಮಿನ್ನೆಸೋಟದ ರಾಚೆಸ್ಟರ್‌ಗೆ ಬಂದು 14 ವರ್ಷ ಆಯಿತು. ಮಗ ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಾನೆ, ಒಂಬತ್ತನೇ ಕ್ಲಾಸಿನಿಂದ ಅಮೆರಿಕನ್ ಫುಟ್‌ಬಾಲ್ ಆಡುತ್ತಿದ್ದಾನೆ. ನಮ್ಮ ಮನೆಯಲ್ಲಿ ಯಾರಿಗೂ ಆ ಆಟದ ಗಂಧಗಾಳಿ ಇರಲಿಲ್ಲ. ಅವನಿಂದಲೇ ಸ್ವಲ್ಪ ಸ್ವಲ್ಪ ಕಲಿತೆವು.

ಹೋದ ವಾರ ಇಲ್ಲಿಯ ಒಂದು ಚಿಕ್ಕ ಕಾಲೇಜಿನ ಕೋಚ್ ಮನೆಗೆ ಫೋನ್ ಮಾಡಿದ್ದರು. ಮಗನ ಹತ್ತಿರ ಹತ್ತು ನಿಮಿಷ ಮಾತಾಡಿದರು, ನನ್ನ ಹತ್ತಿರ ಅರ್ಧ ಗಂಟೆ. ಒಳ್ಳೆಯ ಮನುಷ್ಯ ಅನ್ನಿಸಿತು. ಆದರೆ ಆಟಕ್ಕೆ ಅಂತ ಸ್ಕಾಲರ್‌ಶಿಪ್ ಕೊಡುವುದಿಲ್ಲವಂತೆ. ಡಿವಿಷನ್ ತ್ರೀ ಕಾಲೇಜಂತೆ. "ಮೂರನೇ ದರ್ಜೆ ಕಾಲೇಜಿಗೆ ಯಾಕೆ ಹೋಗಬೇಕು" ಅಂತ ಇವರು ಬೇಜಾರು ಮಾಡಿಕೊಂಡಿದ್ದಾರೆ. ನನ್ನ ಭಯ ಬೇರೆ. ತಲೆಗೆ ಬೀಳುವ ಪೆಟ್ಟು. ಇನ್ನೂ ನಾಲ್ಕು ವರ್ಷ ಅವನು ಹಾಗೆ ಗುದ್ದಾಡುವುದನ್ನು ನೆನೆಸಿಕೊಂಡರೆ ರಾತ್ರಿ ನಿದ್ದೆ ಬರುವುದಿಲ್ಲ.

ಇಂಥ ಚಿಕ್ಕ ಕಾಲೇಜುಗಳಲ್ಲಿ ಕೋಚ್ ಆಗಿರುವವರು ಎಂಥವರು? ದೊಡ್ಡ ಕಡೆ ಕೆಲಸ ಸಿಗದೆ ಅಲ್ಲಿ ಉಳಿದುಕೊಂಡವರಾ? ಮುಂದಿನ ತಿಂಗಳು ಕಾಲೇಜು ನೋಡಲು ಹೋಗುತ್ತಿದ್ದೇವೆ. ನಾನು ಅವರನ್ನು ಏನು ಕೇಳಲಿ?

ಸೇಂಟ್ ಕ್ಲೌಡ್ ಹಳಬ:

ಅಕ್ಕಾ, ನೀವು ಸರಿಯಾದ ರಾಜ್ಯದಲ್ಲೇ ಕೂತು ಈ ಪ್ರಶ್ನೆ ಕೇಳಿದ್ದೀರಿ. ನಾನು ಸೇಂಟ್ ಕ್ಲೌಡ್‌ಗೆ ಬಂದು 20 ವರ್ಷ ದಾಟಿತು. ಇಲ್ಲಿಂದ ಸ್ವಲ್ಪ ಪಶ್ಚಿಮಕ್ಕೆ, ಹೈವೇ 94ರ ಪಕ್ಕದಲ್ಲೇ, ಕಾಲೇಜ್‌ವಿಲ್ ಅಂತ ಇದೆ. ಊರು ಅನ್ನುವಷ್ಟು ದೊಡ್ಡದಲ್ಲ. ಕಾಡು, ಒಂದು ಕೆರೆ, ಬೆನೆಡಿಕ್ಟ್ ಪಂಥದ ಸನ್ಯಾಸಿಗಳ ಮಠ, ಆ ಮಠದವರು 1857ರಲ್ಲಿ ಶುರು ಮಾಡಿದ ಸೇಂಟ್ ಜಾನ್ಸ್ ಕಾಲೇಜು. ನಮ್ಮ ಕಡೆ ಮಠಗಳು ಕಾಲೇಜು ನಡೆಸುತ್ತವಲ್ಲ, ಹಾಗೇ ಅಂದುಕೊಳ್ಳಿ. ಗಂಡುಮಕ್ಕಳ ಕಾಲೇಜು. ಅಲ್ಲಿಯ ಫುಟ್‌ಬಾಲ್ ಕೋಚ್ ಜಾನ್ ಗಗ್ಲಿಯಾರ್ಡಿ 1953ರಿಂದ 2012ರವರೆಗೆ, 60 ಸೀಸನ್, ಅದೇ ಒಂದು ಕೆಲಸದಲ್ಲಿದ್ದರು. ಅಮೆರಿಕದ ಕಾಲೇಜು ಫುಟ್‌ಬಾಲಿನ ಇತಿಹಾಸದಲ್ಲೇ ಅತಿ ಹೆಚ್ಚು ಪಂದ್ಯ ಗೆದ್ದ ಕೋಚ್ ಅವರೇ. 489 ಗೆಲುವು, 138 ಸೋಲು, 11 ಟೈ.

ಅದನ್ನು ಅವರು ಗೆದ್ದದ್ದು ಟೀವಿಯಲ್ಲಿ ಬರುವ ದೊಡ್ಡ ಯೂನಿವರ್ಸಿಟಿಯಲ್ಲಲ್ಲ. ನಿಮ್ಮ ಯಜಮಾನರು ಮೂರನೇ ದರ್ಜೆ ಅನ್ನುತ್ತಾರಲ್ಲ, ಅಂಥ ಕಾಲೇಜಿನಲ್ಲೇ. ಆಟಕ್ಕೆ ಸ್ಕಾಲರ್‌ಶಿಪ್ ಕೊಡದ ಕಾಲೇಜಿನಲ್ಲೇ.

ನನ್ನ ಸಹೋದ್ಯೋಗಿಯೊಬ್ಬರು ಆ ಕಾಲೇಜಿನ ಹಳೆಯ ವಿದ್ಯಾರ್ಥಿ. ಅವರು ಬಲವಂತ ಮಾಡಿ ಒಂದು ಶನಿವಾರ ಮ್ಯಾಚಿಗೆ ಕರೆದುಕೊಂಡು ಹೋಗಿದ್ದರು. ಸುತ್ತಲೂ ಪೈನ್ ಮರ, ನಡುವೆ ತಗ್ಗಿನಲ್ಲಿ ಮೈದಾನ. ಬದಿಯಲ್ಲಿ ಕೆಂಪು ಜರ್ಸಿ ಹಾಕಿದ ಹುಡುಗರು ಎಷ್ಟಿದ್ದರೆಂದರೆ ಎಣಿಸಲು ಹೋಗಿ ಬಿಟ್ಟುಬಿಟ್ಟೆ. "ಇಷ್ಟು ಜನ ಯಾಕೆ" ಅಂದೆ. "ಜಾನ್ ಯಾರನ್ನೂ ತಂಡದಿಂದ ತೆಗೆಯುವುದಿಲ್ಲ, ಬಂದವರಿಗೆಲ್ಲ ಜರ್ಸಿ" ಅಂದರು. ಅವತ್ತಿನಿಂದ ನಾನು ಆ ಮನುಷ್ಯನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಾ ಬಂದಿದ್ದೇನೆ. ಅವರ ಕಥೆ ಹೇಳಿದರೆ ನೀವು ಕೋಚನ್ನು ಏನು ಕೇಳಬೇಕು ಅನ್ನುವುದು ನಿಮಗೇ ಹೊಳೆಯುತ್ತದೆ ಅನ್ನಿಸುತ್ತದೆ. ಸಂಜೆ ಕೂತು ಬರೆಯುತ್ತೇನೆ.

ಶಿರಸಿ ಹುಡುಗಿ:

ಬರೆಯಿರಿ ಅಣ್ಣಾ, ಕಾಯುತ್ತಿದ್ದೇನೆ. ಆಟ ಗೊತ್ತಿಲ್ಲದವರಿಗೂ ಅರ್ಥ ಆಗುವ ಹಾಗೆ ಇರಲಿ.

ಸೇಂಟ್ ಕ್ಲೌಡ್ ಹಳಬ:

ಆಟದ ಬಗ್ಗೆ ಎರಡೇ ಮಾತು. ಒಂದು ಕಡೆ 11 ಜನ. ಚೆಂಡು ಇರುವ ತಂಡಕ್ಕೆ ನಾಲ್ಕು ಅವಕಾಶ, ಅಷ್ಟರಲ್ಲಿ 10 ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು. ಎದುರು ತಂಡ ಚೆಂಡು ಹಿಡಿದವನನ್ನು ಕೆಡವಬೇಕು. ಹಾಗೆ ಕೆಡವುವುದಕ್ಕೆ ಟ್ಯಾಕಲ್ ಅನ್ನುತ್ತಾರೆ. ಈ ಕಥೆಯಲ್ಲಿ ಮುಖ್ಯವಾದ ಪದ ಅದೇ.

ಗಗ್ಲಿಯಾರ್ಡಿ ಹುಟ್ಟಿದ್ದು 1926ರಲ್ಲಿ, ಕೊಲರಾಡೋದ ಟ್ರಿನಿಡಾಡ್ ಅನ್ನುವ ಕಲ್ಲಿದ್ದಲು ಗಣಿಯ ಊರಿನಲ್ಲಿ. ತಂದೆ ಇಟಲಿಯಿಂದ ಬಂದವರು, ಊರಲ್ಲಿ ಕಾರು ರಿಪೇರಿ ಶಾಪ್ ಇಟ್ಟುಕೊಂಡಿದ್ದರು. ಹುಡುಗ ಊರಿನ ಕ್ಯಾಥೊಲಿಕ್ ಹೈಸ್ಕೂಲಿನಲ್ಲಿ ಫುಟ್‌ಬಾಲ್ ಆಡುತ್ತಿದ್ದ, ತಂಡದ ಕ್ಯಾಪ್ಟನ್. 1943ರಲ್ಲಿ ಅವರ ಕೋಚನ್ನು ಯುದ್ಧಕ್ಕೆ ಕರೆದುಕೊಂಡರು. ಬೇರೆ ಕೋಚ್ ಸಿಗಲಿಲ್ಲ, ಶಾಲೆಯವರು ತಂಡವನ್ನೇ ನಿಲ್ಲಿಸಲು ಹೊರಟರು. ಆಗ ಈ ಹುಡುಗ ಹೋಗಿ, ನಾನೇ ನಡೆಸುತ್ತೇನೆ, ಬಿಟ್ಟುಕೊಡಿ ಅಂತ ಕೇಳಿಕೊಂಡ. ವಯಸ್ಸು 16.

ಇಲ್ಲೇ ಸ್ವಲ್ಪ ನಿಂತು ಯೋಚಿಸಿ. ದೊಡ್ಡವರು ಯಾರೂ ಇಲ್ಲದ ಮೈದಾನದಲ್ಲಿ ಒಬ್ಬ ಹುಡುಗನ ಕೈಗೆ ತಂಡ ಬಂತು. ಅವನು ಮೊದಲು ಮಾಡಿದ್ದೇನು? ಆಟಗಾರನಾಗಿ ತನಗೆ ಏನೇನು ಹಿಂಸೆ ಅನ್ನಿಸುತ್ತಿತ್ತೋ ಅದನ್ನೆಲ್ಲ ತೆಗೆದುಹಾಕಿದ. ಕುಕ್ಕರುಗಾಲಲ್ಲಿ ಬಾತುಕೋಳಿ ಹಾಗೆ ನಡೆಸುವುದು ನಿಂತಿತು. ಸುಮ್ನೆ ಸುಸ್ತು ಮಾಡಿಸುವ ಕಸರತ್ತು ನಿಂತಿತು. ಅಭ್ಯಾಸದ ಹೊತ್ತಿನಲ್ಲಿ ನೀರು ಕುಡಿಯಬಾರದು ಅನ್ನುವ ನಿಯಮ ಆಗ ಎಲ್ಲ ಕಡೆ ಇತ್ತು, ನೀರು ಕುಡಿದವನು ಮೆತ್ತಗಾಗುತ್ತಾನೆ ಅಂತ. ಅದೂ ಹೋಯಿತು. ಅಭ್ಯಾಸದಲ್ಲಿ ಒಬ್ಬರನ್ನೊಬ್ಬರು ಕೆಡವುವುದೂ ಹೋಯಿತು. ಉಳಿದದ್ದು ಆಟ. ಯಾರು ಎಲ್ಲಿಗೆ ಓಡಬೇಕು, ಯಾರು ಯಾರನ್ನು ತಡೆಯಬೇಕು, ಅಷ್ಟೇ. ಅದನ್ನೇ ಸರಿಯಾಗುವವರೆಗೆ ಮತ್ತೆ ಮತ್ತೆ ಮಾಡಿದರು. ಗೆಲ್ಲುತ್ತಾ ಹೋದರು.

ಆಮೇಲೆ ಕೊಲರಾಡೋ ಕಾಲೇಜಿನಲ್ಲಿ ಓದುತ್ತಾ ಹೈಸ್ಕೂಲ್ ತಂಡಗಳಿಗೆ ಕಲಿಸಿದರು. 1949ರಲ್ಲಿ ಡಿಗ್ರಿ ಮುಗಿಯಿತು. ಅದೇ ವರ್ಷ ಮೊಂಟಾನಾದ ಹೆಲೆನಾ ಊರಿನ ಕ್ಯಾರೊಲ್ ಕಾಲೇಜು ಕೆಲಸಕ್ಕೆ ಕರೆಯಿತು. ಅದೂ ಕ್ಯಾಥೊಲಿಕ್, ಅದೂ ಚಿಕ್ಕದು. ನಾಲ್ಕು ವರ್ಷದಲ್ಲಿ 24 ಗೆಲುವು, 6 ಸೋಲು, 1 ಟೈ. ಚಿಕ್ಕ ಕಾಲೇಜು ಅಂದರೆ ಒಂದೇ ಕೆಲಸ ಇರುವುದಿಲ್ಲ, ಬ್ಯಾಸ್ಕೆಟ್‌ಬಾಲ್ ತಂಡವೂ ಅವರ ತಲೆಗೇ ಬಿತ್ತು. ಸೇಂಟ್ ಜಾನ್ಸ್‌ಗೆ ಬಂದ ಮೇಲೆ ಕೆಲವು ವರ್ಷ ಐಸ್ ಹಾಕಿ ತಂಡಕ್ಕೂ ಕಲಿಸಿದ್ದಾರೆ.

1953ರಲ್ಲಿ ಸೇಂಟ್ ಜಾನ್ಸ್‌ಗೆ ಬಂದಾಗ ಅವರಿಗೆ 26 ವರ್ಷ. ಅವರಿಗಿಂತ ಮೊದಲು ಅಲ್ಲಿದ್ದವರು ಜಾನಿ ಬ್ಲಡ್ ಮೆಕ್‌ನಾಲಿ, ಪ್ರೊಫೆಷನಲ್ ಫುಟ್‌ಬಾಲಿನಲ್ಲಿ ಬಹಳ ದೊಡ್ಡ ಹೆಸರು. ಅಷ್ಟು ದೊಡ್ಡ ಆಟಗಾರನ ಜಾಗಕ್ಕೆ ಯಾರಿಗೂ ಗೊತ್ತಿಲ್ಲದ ಈ ಹುಡುಗ ಬಂದ. ಬಂದ ವರ್ಷವೇ ತಂಡ ತನ್ನ ಲೀಗಿನಲ್ಲಿ ಮೇಲೆ ಬಂತು. ಆಮೇಲೆ ರಾಷ್ಟ್ರೀಯ ಪ್ರಶಸ್ತಿ ನಾಲ್ಕು ಸಲ, 1963, 1965, 1976 ಮತ್ತು 2003ರಲ್ಲಿ.

ಕಬಡ್ಡಿ ರೈಡರ್ ಮಂಡ್ಯ:

ಅಣ್ಣಾ ಒಂದು ಸಂದೇಹ. ನಾನು ಕಾಲೇಜು ಮಟ್ಟದಲ್ಲಿ ಕಬಡ್ಡಿ ಆಡಿದವನು. ಅಂಕಣದಲ್ಲಿ ದಿನಾ ಹಿಡಿದು ಎಳೆದು ಮಣ್ಣು ತಿಂದರೇನೇ ಹಿಡಿತ ಬರುವುದು. ಕೆಡವುವುದೇ ಮುಖ್ಯವಾದ ಆಟದಲ್ಲಿ ವಾರವೆಲ್ಲ ಕೆಡವುವುದನ್ನು ಅಭ್ಯಾಸ ಮಾಡದೆ ಶನಿವಾರ ಹೇಗೆ ಕೆಡವುತ್ತಾರೆ? ನನಗೆ ಇದು ನಂಬಲು ಕಷ್ಟ.

ಸೇಂಟ್ ಕ್ಲೌಡ್ ಹಳಬ:

ತಮ್ಮಾ, ಅಲ್ಲಿಗೆ ಬರುವ ಹುಡುಗರು ಹೈಸ್ಕೂಲಿನಲ್ಲಿ ನಾಲ್ಕು ವರ್ಷ ಕೆಡವಿಯೇ ಬಂದಿರುತ್ತಾರೆ. ಕೆಡವುವುದು ಹೇಗೆ ಅಂತ ಅವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಗೊತ್ತಿರಬೇಕಾದ್ದು ಎಲ್ಲಿ ನಿಲ್ಲಬೇಕು, ಎದುರಿನವನು ಏನು ಮಾಡಲು ಹೊರಟಿದ್ದಾನೆ, ಯಾವ ಕೋನದಲ್ಲಿ ಹೋದರೆ ಅವನಿಗೆ ದಾರಿ ಸಿಗುವುದಿಲ್ಲ ಅನ್ನುವುದು. ಅದನ್ನು ಮೈ ಮುಟ್ಟದೆಯೂ ಕಲಿಯಬಹುದು. ಸರಿಯಾದ ಜಾಗಕ್ಕೆ ಹೋಗಿ ನಿಂತರೆ ಅರ್ಧ ಕೆಲಸ ಮುಗಿಯಿತು, ಅಲ್ವಾ? ಕಬಡ್ಡಿಯಲ್ಲೂ ಕಾರ್ನರ್‌ನವನು ಹಿಡಿಯುವ ಮೊದಲು ಕಾಲು ಎಲ್ಲಿಟ್ಟಿದ್ದಾನೆ ಅನ್ನುವುದರಲ್ಲೇ ಹಿಡಿತ ನಿಂತಿರುತ್ತದೆ ಅಂತ ನೀವೇ ಹೇಳುತ್ತೀರಿ.

ಇನ್ನೊಂದು, ಶನಿವಾರದ ಹೊತ್ತಿಗೆ ಅವರ ಹುಡುಗರಿಗೆ ಮೈ ನೋವು ಇರುತ್ತಿರಲಿಲ್ಲ. ವಾರವೆಲ್ಲ ಗುದ್ದಾಡಿದ ತಂಡದಲ್ಲಿ ಮ್ಯಾಚಿಗೆ ಮುಂಚೆಯೇ ನಾಲ್ಕು ಜನ ಕುಂಟುತ್ತಿರುತ್ತಾರೆ.

ಅವರ ಅಭ್ಯಾಸದಲ್ಲಿ ಇಲ್ಲದ್ದರ ಪಟ್ಟಿ ಈ ಕಡೆ ಬಹಳ ಹೆಸರುವಾಸಿ. ಟ್ಯಾಕಲ್ ಇಲ್ಲ. ಸೀಟಿ ಇಲ್ಲ. ತಳ್ಳುವ ಬಂಡಿ, ಗುದ್ದುವ ಗೊಂಬೆ ಇಲ್ಲ. ಕಡ್ಡಾಯವಾಗಿ ಭಾರ ಎತ್ತುವುದು ಇಲ್ಲ. ಒಂದೂವರೆ ಗಂಟೆ ದಾಟಿ ಅಭ್ಯಾಸ ಇಲ್ಲ. ಸೊಳ್ಳೆ ಜಾಸ್ತಿ ಇದ್ದರೆ, ವಿಪರೀತ ಬಿಸಿಲೋ ಚಳಿಯೋ ಇದ್ದರೆ ಹೊರಗೆ ಅಭ್ಯಾಸ ಇಲ್ಲ. ಮಿನ್ನೆಸೋಟದ ಸೊಳ್ಳೆ ನೋಡಿದವರಿಗೆ ಅದು ಎಷ್ಟು ದೊಡ್ಡ ದಯೆ ಅಂತ ಗೊತ್ತು. ಬೈಗುಳ ಇಲ್ಲ. ಹೊಸ ಹುಡುಗರನ್ನು ಹಳಬರು ಗೋಳು ಹೊಯ್ದುಕೊಳ್ಳುವುದು ಇಲ್ಲ. ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆಯುವ ಹುಡುಗ, ಮುಂದೆ ಯಾವ ಆಟ ಕಟ್ಟಬೇಕು ಅಂತ ಮೈದಾನದಲ್ಲಿ ತಾನೇ ತೀರ್ಮಾನ ಮಾಡುತ್ತಿದ್ದ. ದೊಡ್ಡ ಕಾಲೇಜುಗಳಲ್ಲಿ ಕೋಚ್ ಹೊರಗಿನಿಂದ ಒಂದೊಂದನ್ನೂ ಹೇಳಿಕೊಡುತ್ತಾರೆ.

ಒಂದು ವ್ಯಾಯಾಮ ಮಾತ್ರ ಇತ್ತು. ಎಲ್ಲರೂ ಹುಲ್ಲಿನ ಮೇಲೆ ಅಂಗಾತ ಮಲಗಿ ಪಕ್ಕದವನ ಕಡೆ ತಿರುಗಿ "ಇವತ್ತು ದಿನ ಚೆನ್ನಾಗಿದೆ" ಅಂತ ಹೇಳಬೇಕು. ಅಷ್ಟೇ. ಇದನ್ನು ಹೇಳುವಾಗ ನನ್ನ ಆ ಸಹೋದ್ಯೋಗಿಯ ಕಣ್ಣು ಒದ್ದೆಯಾಗಿತ್ತು. ಅವರಿಗೆ ಈಗ ಐವತ್ತರ ಮೇಲೆ ವಯಸ್ಸು.

ಕೊನೆಯದಾಗಿ, ಅವರನ್ನು ಯಾರೂ ಕೋಚ್ ಅಂತ ಕರೆಯುವ ಹಾಗಿರಲಿಲ್ಲ. ಜಾನ್ ಅನ್ನಬೇಕು. 18ರ ಹುಡುಗನೂ ಅಷ್ಟೇ.

ಪಿಟಿ ಮೇಷ್ಟ್ರು:

ನಾನು ದಾವಣಗೆರೆ ಕಡೆ 31 ವರ್ಷ ಪಿಟಿ ಮೇಷ್ಟ್ರಾಗಿ ಕೆಲಸ ಮಾಡಿ ನಿವೃತ್ತಿ ಆದವನು. ಈಗ ಮಗಳ ಮನೆಗೆ ಬಂದು ಡಲ್ಲಾಸ್‌ನಲ್ಲಿ ಇದ್ದೇನೆ. ಹೆಸರು ಹಿಡಿದು ಕರೆಯುವುದು ನನಗೆ ಒಗ್ಗುವುದಿಲ್ಲ, ಅದು ಅವರವರ ದೇಶದ ರೀತಿ. ಅದನ್ನು ಬಿಡಿ. ಆದರೆ ನೀರಿನ ವಿಷಯ ಓದಿ ನನಗೆ ತಡೆಯಲಾಗಲಿಲ್ಲ.

ನಮ್ಮ ಟ್ರೈನಿಂಗ್‌ನಲ್ಲೂ ಅದನ್ನೇ ಹೇಳಿಕೊಟ್ಟಿದ್ದರು. ಓಟದ ನಡುವೆ ನೀರು ಕೊಡಬೇಡಿ, ಹೊಟ್ಟೆ ಹಿಡಿದುಕೊಳ್ಳುತ್ತದೆ, ಅಭ್ಯಾಸ ಕೆಡುತ್ತದೆ ಅಂತ. ನಾನೂ ಹಾಗೇ ಮಾಡಿದೆ. ತಾಲ್ಲೂಕು ಕ್ರೀಡಾಕೂಟಕ್ಕೆ ತಯಾರಿ ಮಾಡಿಸುವಾಗ ಒಂದು ಮಧ್ಯಾಹ್ನ ಏಳನೇ ಕ್ಲಾಸಿನ ಹುಡುಗ ಮೈದಾನದಲ್ಲಿ ಬಿದ್ದುಬಿಟ್ಟ. ಎತ್ತಿಕೊಂಡು ನೆರಳಿಗೆ ತಂದು ನೀರು ಚಿಮುಕಿಸಿದೆವು. ಎದ್ದ. ಏನೂ ಆಗಲಿಲ್ಲ. ಆದರೆ ಅವನು ಕಣ್ಣು ಬಿಟ್ಟು ಮೊದಲು ಹೇಳಿದ್ದು "ತಪ್ಪಾಯ್ತು ಸಾರ್" ಅಂತ. ನನ್ನ ತಪ್ಪಿಗೆ ಅವನು ತಪ್ಪಾಯ್ತು ಅಂದ. ಅವತ್ತಿನಿಂದ ಮೈದಾನದಲ್ಲಿ ಕೊಡ ಇಡಿಸಿದೆ. ಆ 16ರ ಹುಡುಗನಿಗೆ 1943ರಲ್ಲಿ ಗೊತ್ತಾದದ್ದು ನನಗೆ ಗೊತ್ತಾಗಲು ಹನ್ನೊಂದು ವರ್ಷದ ಸರ್ವಿಸ್ ಬೇಕಾಯಿತು.

ಶಿರಸಿ ಹುಡುಗಿ:

ಮೇಷ್ಟ್ರೇ, ಇದನ್ನು ಇಲ್ಲಿ ಬರೆದದ್ದಕ್ಕೆ ನಿಮಗೆ ನಮಸ್ಕಾರ.

ಅಂಕಿಅಂಶ ಆಸಕ್ತ:

ಒಳ್ಳೆಯ ಚರ್ಚೆ. ಆದರೆ ಇನ್ನೊಂದು ಮಗ್ಗುಲನ್ನೂ ನೋಡಬೇಕು ಸರ್. ಗಗ್ಲಿಯಾರ್ಡಿಯವರ 489 ಅನ್ನು ಹೇಳುವಾಗ ಎದುರಿಗೆ ಯಾರಿದ್ದರು ಅನ್ನುವುದೂ ಮುಖ್ಯ. ಅವರ ಲೀಗಿನಲ್ಲಿ ಇರುವುದು ಮಿನ್ನೆಸೋಟದ ಚಿಕ್ಕ ಖಾಸಗಿ ಕಾಲೇಜುಗಳು. ಸೇಂಟ್ ಜಾನ್ಸ್ ಒಮ್ಮೆ ಗೆಲ್ಲಲು ಶುರು ಮಾಡಿದ ಮೇಲೆ ಒಳ್ಳೆಯ ಹುಡುಗರೆಲ್ಲ ತಾವಾಗಿ ಅಲ್ಲಿಗೆ ಹೋದರು. 1993ರಲ್ಲಿ ಅವರ ತಂಡ ಪಂದ್ಯಕ್ಕೆ ಸರಾಸರಿ 61.5 ಅಂಕ ಹೊಡೆಯಿತು. ಎದುರಾಳಿಗಳು ಎಷ್ಟು ದುರ್ಬಲ ಅಂತ ಅದೇ ಹೇಳುತ್ತದೆ.

ಅವರಿಗಿಂತ ಮೊದಲು ದಾಖಲೆ ಇದ್ದದ್ದು ಎಡ್ಡಿ ರಾಬಿನ್‌ಸನ್ ಅವರ ಹೆಸರಲ್ಲಿ, 408 ಗೆಲುವು. ಲೂಸಿಯಾನಾದ ಗ್ರ್ಯಾಂಬ್ಲಿಂಗ್ ಅನ್ನುವ ಕಪ್ಪು ಜನರ ಕಾಲೇಜು. 1941ರಲ್ಲಿ ಸೇರಿದವರು 1997ರವರೆಗೆ ಅಲ್ಲೇ ಇದ್ದರು. ದಕ್ಷಿಣದ ಬಿಳಿಯರ ಯೂನಿವರ್ಸಿಟಿಗಳು ಕಪ್ಪು ಹುಡುಗರನ್ನು ಒಳಗೇ ಬಿಡದ ಕಾಲ ಅದು. ಪಂದ್ಯಕ್ಕೆ ಬಸ್ಸಿನಲ್ಲಿ ಹೋದರೆ ದಾರಿಯ ಹೋಟೆಲುಗಳಲ್ಲಿ ಊಟ ಹಾಕುತ್ತಿರಲಿಲ್ಲ. ಅಂಥ ಕಡೆಯಿಂದ ಅವರು 200ಕ್ಕೂ ಹೆಚ್ಚು ಹುಡುಗರನ್ನು ಪ್ರೊಫೆಷನಲ್ ಆಟಕ್ಕೆ ಕಳಿಸಿದರು. ಪ್ರೊಫೆಷನಲ್ ಲೀಗಿನ ಫೈನಲ್ ಆದ ಸೂಪರ್ ಬೌಲ್ ಗೆದ್ದ ಮೊದಲ ಕಪ್ಪು ಕ್ವಾರ್ಟರ್‌ಬ್ಯಾಕ್ ಡಗ್ ವಿಲಿಯಮ್ಸ್ ಅವರ ಶಿಷ್ಯ. ಚಿಕ್ಕ ಕಾಲೇಜಿನ ಕೋಚ್ ಅಂದರೆ ನನ್ನ ಮನಸ್ಸಿಗೆ ಮೊದಲು ಬರುವುದು ರಾಬಿನ್‌ಸನ್.

ಸೇಂಟ್ ಕ್ಲೌಡ್ ಹಳಬ:

ಸರ್, ರಾಬಿನ್‌ಸನ್ ವಿಷಯದಲ್ಲಿ ನೀವು ಹೇಳಿದ ಒಂದೊಂದು ಮಾತನ್ನೂ ಒಪ್ಪುತ್ತೇನೆ. ಅವರು ಹತ್ತಿದ ಬೆಟ್ಟ ಗಗ್ಲಿಯಾರ್ಡಿಯವರಿಗೆ ಎದುರಾಗಲಿಲ್ಲ. ಇಬ್ಬರನ್ನು ತಕ್ಕಡಿಯಲ್ಲಿ ಇಡಬೇಕು ಅಂತ ನನಗೆ ಅನ್ನಿಸುವುದಿಲ್ಲ.

ಎದುರಾಳಿ ದುರ್ಬಲ ಅನ್ನುವ ಮಾತಿಗೆ 2003 ನೋಡಿ. ಆ ನವೆಂಬರ್ 8ರಂದು ತಮ್ಮದೇ ಮೈದಾನದಲ್ಲಿ ಬೆಥೆಲ್ ತಂಡವನ್ನು 29-26ರಲ್ಲಿ ಸೋಲಿಸಿದರು. ಅದು 409ನೇ ಗೆಲುವು, ರಾಬಿನ್‌ಸನ್ ಅವರ ದಾಖಲೆ ಮುರಿದದ್ದು ಅವತ್ತೇ. ಮೈದಾನದಲ್ಲಿ ಕೂರಲು ಜಾಗ ಇರುವುದು ಏಳು ಸಾವಿರ ಚಿಲ್ಲರೆ ಜನಕ್ಕೆ. ಬಂದವರು 13 ಸಾವಿರದ ಮೇಲೆ. ದಾಖಲೆ ಆಯಿತಲ್ಲ, ಸಾಕು ಅನ್ನಬಹುದಿತ್ತು. ಅದೇ ಸೀಸನ್ನಿನ ಫೈನಲ್‌ಗೆ ಹೋದರು. ಎದುರಿಗೆ ಒಹಾಯೋದ ಮೌಂಟ್ ಯೂನಿಯನ್. ಲ್ಯಾರಿ ಕೆರೆಸ್ ಕೋಚ್ ಆಗಿದ್ದ ತಂಡ. ಅವರು ತಮ್ಮ ವೃತ್ತಿಯಲ್ಲಿ ಸೋತದ್ದೇ ಒಟ್ಟು 24 ಪಂದ್ಯ, ರಾಷ್ಟ್ರೀಯ ಪ್ರಶಸ್ತಿ 11. ಆ ತಂಡ ಸತತವಾಗಿ 55 ಪಂದ್ಯ ಗೆದ್ದು ಬಂದಿತ್ತು. ಸೇಂಟ್ ಜಾನ್ಸ್ 24-6ರಲ್ಲಿ ಗೆದ್ದಿತು. ಅಭ್ಯಾಸದಲ್ಲಿ ಯಾರನ್ನೂ ಕೆಡವದ ತಂಡ ಆ ದಿನ ಅಂಥವರಿಗೆ ಬಿಟ್ಟುಕೊಟ್ಟದ್ದು ಆರೇ ಅಂಕ. ಗಗ್ಲಿಯಾರ್ಡಿಯವರಿಗೆ ಆಗ 77 ವರ್ಷ.

ಅಂಕಿಅಂಶ ಆಸಕ್ತ:

ಆ ಫೈನಲ್ ಮರೆತಿದ್ದೆ. ಒಪ್ಪಿದೆ ಸರ್. ಕೆರೆಸ್ ಅವರದ್ದು 332 ಗೆಲುವು, 24 ಸೋಲು. ಅಂಥವರನ್ನು ಅಷ್ಟು ಅಂತರದಲ್ಲಿ ಸೋಲಿಸುವುದು ಸುಮ್ಮನೆ ಆಗುವ ಮಾತಲ್ಲ.

ರಾಚೆಸ್ಟರ್ ಅಮ್ಮ:

ಎಲ್ಲರದ್ದೂ ಓದುತ್ತಿದ್ದೇನೆ. ಇವರಿಗೂ ಓದಿ ಹೇಳಿದೆ. ಆದರೆ ಹಳಬ ಅಣ್ಣಾ, ಅಭ್ಯಾಸದಲ್ಲಿ ಕೆಡವದಿದ್ದರೆ ತಲೆಗೆ ನಿಜವಾಗಲೂ ಅಷ್ಟು ವ್ಯತ್ಯಾಸ ಆಗುತ್ತದಾ? ಮ್ಯಾಚಿನಲ್ಲಿ ಹೇಗೂ ಬೀಳುತ್ತದಲ್ಲ.

ನರ್ಸ್ ಇನ್ ಬಾಸ್ಟನ್:

ಇದಕ್ಕೆ ನಾನು ಹೇಳುತ್ತೇನೆ ಅಕ್ಕ. ನಾನು ನ್ಯೂರಾಲಜಿ ವಾರ್ಡಿನಲ್ಲಿ ಕೆಲಸ ಮಾಡುತ್ತೇನೆ.

ಎಲ್ಲರೂ ಹೆದರುವುದು ಪ್ರಜ್ಞೆ ತಪ್ಪುವಂಥ ದೊಡ್ಡ ಪೆಟ್ಟಿಗೆ. ಅದು ಕಣ್ಣಿಗೆ ಕಾಣುತ್ತದೆ, ಹುಡುಗನನ್ನು ಹೊರಗೆ ಕೂರಿಸುತ್ತಾರೆ. ಆದರೆ ಮೆದುಳಿಗೆ ವರ್ಷಗಟ್ಟಲೆ ಬೀಳುವ ಚಿಕ್ಕ ಚಿಕ್ಕ ಪೆಟ್ಟುಗಳೂ ಸೇರುತ್ತಾ ಹೋಗುತ್ತವೆ. ಸಿಟಿಇ ಅನ್ನುವ, ಮೆದುಳು ನಿಧಾನವಾಗಿ ಕೆಡುತ್ತಾ ಹೋಗುವ ಕಾಯಿಲೆಗೂ ಇದಕ್ಕೂ ಸಂಬಂಧ ಇದೆ. ಎಷ್ಟು ಹೆಚ್ಚು ವರ್ಷ ಆಡಿದರೋ ಅಷ್ಟು ಅಪಾಯ ಜಾಸ್ತಿ. ಬದುಕಿದ್ದಾಗ ಅದನ್ನು ಖಚಿತವಾಗಿ ಕಂಡುಹಿಡಿಯಲು ಈಗಲೂ ಆಗುವುದಿಲ್ಲ, ತೀರಿಕೊಂಡ ಮೇಲೆ ಮೆದುಳು ನೋಡಿಯೇ ಹೇಳಬೇಕು. ಡಾಕ್ಟರ್ ಬೆನೆಟ್ ಒಮಾಲು ಅವರು ಮೈಕ್ ವೆಬ್‌ಸ್ಟರ್ ಅನ್ನುವ ಹಳೆಯ ಆಟಗಾರನ ಮೆದುಳಿನಲ್ಲಿ ಇದನ್ನು ಕಂಡದ್ದು 2002ರಲ್ಲಿ. ಗಗ್ಲಿಯಾರ್ಡಿಯವರು ಅಭ್ಯಾಸದಿಂದ ಟ್ಯಾಕಲ್ ತೆಗೆದು ಅಷ್ಟೊತ್ತಿಗೆ ಸುಮಾರು 60 ವರ್ಷ ಆಗಿತ್ತು.

ಈಗ ಲೆಕ್ಕ ಹಾಕಿ. ಸೀಸನ್ನಿನಲ್ಲಿ ಮ್ಯಾಚು ಹತ್ತು. ಅಭ್ಯಾಸ ವಾರಕ್ಕೆ ನಾಲ್ಕೈದು ದಿನ. ಅಭ್ಯಾಸದಲ್ಲೂ ಗುದ್ದಾಡಿದರೆ ಪೆಟ್ಟಿನ ಲೆಕ್ಕ ಎಲ್ಲಿಗೋ ಹೋಗುತ್ತದೆ. ಅದನ್ನು ತೆಗೆದರೆ ಅಪಾಯ ಪೂರ್ತಿ ಹೋಗುವುದಿಲ್ಲ. ಅದನ್ನು ನಾನು ನಿಮಗೆ ಮುಚ್ಚಿಡುವುದಿಲ್ಲ. ಕಡಿಮೆ ಆಗುತ್ತದೆ.

ನಮ್ಮ ಈ ಕಡೆ ಡಾರ್ಟ್‌ಮತ್ ಕಾಲೇಜಿನಲ್ಲಿ ಬಡ್ಡಿ ಟೀವನ್ಸ್ ಅಂತ ಕೋಚ್ ಇದ್ದರು. 2008ರಲ್ಲಿ ಅವರ ತಂಡ ಹತ್ತಕ್ಕೆ ಹತ್ತೂ ಪಂದ್ಯ ಸೋತಿತ್ತು. 2010ರಲ್ಲಿ ಅವರು ಅಭ್ಯಾಸದಲ್ಲಿ ಹುಡುಗರು ಒಬ್ಬರನ್ನೊಬ್ಬರು ಕೆಡವುವುದನ್ನು ನಿಲ್ಲಿಸಿದರು. ಅದೇ ಕಾಲೇಜಿನ ಎಂಜಿನಿಯರಿಂಗ್ ಹುಡುಗರು ಓಡಾಡುವ ಯಂತ್ರದ ಗೊಂಬೆ ಮಾಡಿಕೊಟ್ಟರು, ಕೆಡವುವುದನ್ನು ಅದರ ಮೇಲೆ ಕಲಿತರು. 2015ರಲ್ಲಿ ಅವರ ತಂಡ ಐವಿ ಲೀಗ್ ಪ್ರಶಸ್ತಿ ಹಂಚಿಕೊಂಡಿತು. 2016ರಲ್ಲಿ ಆ ಲೀಗಿನ ಎಂಟೂ ಕೋಚ್‌ಗಳು ಸೇರಿ, ಸೀಸನ್ ನಡೆಯುವಾಗ ಅಭ್ಯಾಸದಲ್ಲಿ ಟ್ಯಾಕಲ್ ಬೇಡ ಅಂತ ಒಮ್ಮತದಿಂದ ತೀರ್ಮಾನ ಮಾಡಿದರು. ಟೀವನ್ಸ್ 2023ರಲ್ಲಿ ಸೈಕಲ್ ಅಪಘಾತದ ಗಾಯಗಳಿಂದ ತೀರಿಕೊಂಡರು. ನನಗೆ ಬಹಳ ದುಃಖ ಆಯಿತು.

ನೀವು ಕೋಚನ್ನು ಮೊದಲು ಕೇಳಬೇಕಾದ್ದು ಇದೇ ಅಕ್ಕ. ಸೀಸನ್ ಶುರುವಾದ ಮೇಲೆ ವಾರದಲ್ಲಿ ಎಷ್ಟು ದಿನ, ದಿನಕ್ಕೆ ಎಷ್ಟು ನಿಮಿಷ ಪೂರ್ತಿ ಕೆಡವಿಸುತ್ತೀರಿ? ಪೆಟ್ಟು ಬಿದ್ದ ಹುಡುಗ ಮತ್ತೆ ಆಡಬಹುದು ಅಂತ ಹೇಳುವವರು ಯಾರು, ಡಾಕ್ಟರೋ ನೀವೋ?

ಕಬಡ್ಡಿ ರೈಡರ್ ಮಂಡ್ಯ:

ನನ್ನ ಸಂದೇಹಕ್ಕೆ ಉತ್ತರ ಸಿಕ್ಕಿತು. ನಮ್ಮ ಹುಡುಗರಿಗೆ ಮೊಣಕಾಲು ಹೋಗುವುದೂ ಅಂಕಣದ ಅಭ್ಯಾಸದಲ್ಲೇ ಜಾಸ್ತಿ. ನನ್ನದೂ ಹಾಗೇ ಹೋದದ್ದು, ಪಂದ್ಯದಲ್ಲಿ ಅಲ್ಲ.

ಡಿವಿಷನ್ ತ್ರೀ ಅಪ್ಪ:

ದುಡ್ಡಿನ ವಿಷಯ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ನನ್ನ ಮಗಳು ಡಿವಿಷನ್ ತ್ರೀ ಕಾಲೇಜಿನಲ್ಲಿ ಓಟಗಾರ್ತಿ. ಮೇಡಂ, ನಿಮ್ಮ ಯಜಮಾನರಿಗೆ ಹೇಳಿ, ಡಿವಿಷನ್ ಅನ್ನುವುದು ಓದಿನ ದರ್ಜೆ ಅಲ್ಲ. ಆಟಕ್ಕೆ ದುಡ್ಡು ಕೊಡುತ್ತಾರಾ ಇಲ್ಲವಾ, ಎಷ್ಟು ದೊಡ್ಡ ವ್ಯವಸ್ಥೆ ಅನ್ನುವುದು ಅಷ್ಟೇ. ಈ ಗುಂಪಿನಲ್ಲಿ 400ಕ್ಕೂ ಹೆಚ್ಚು ಕಾಲೇಜು ಇವೆ, ಎಲ್ಲಕ್ಕಿಂತ ದೊಡ್ಡ ಗುಂಪು ಇದೇ. ಓದಿನಲ್ಲಿ ದೇಶಕ್ಕೇ ಹೆಸರಾದ ಕಾಲೇಜುಗಳೂ ಇದರಲ್ಲಿವೆ. ಆಟಕ್ಕೆ ಸ್ಕಾಲರ್‌ಶಿಪ್ ಇಲ್ಲ. ಓದಿಗೆ, ಮನೆಯ ಆದಾಯ ನೋಡಿ, ಸಹಾಯ ಉಂಟು. ಅದನ್ನು ಫೈನಾನ್ಷಿಯಲ್ ಏಡ್ ಆಫೀಸಿನಲ್ಲಿ ಕೇಳಿ, ಕೋಚ್ ಹತ್ತಿರ ಅಲ್ಲ.

ಇದರಲ್ಲಿ ಒಂದು ಒಳ್ಳೆಯದೂ ಇದೆ. ಹುಡುಗ ಆಟ ಬಿಟ್ಟರೆ ಓದಿಗೆ ಬರುವ ದುಡ್ಡು ನಿಲ್ಲುವುದಿಲ್ಲ. ತಲೆಗೆ ಪೆಟ್ಟು ಬಿತ್ತು, ಸಾಕು ಅನ್ನಿಸಿತು ಅಂದರೆ ಬಿಡಬಹುದು. ಕೋಚ್‌ಗೂ ಅವನನ್ನು ದುಡ್ಡು ಕೊಟ್ಟು ತಂದಿದ್ದೇನೆ ಅನ್ನುವ ಭಾವನೆ ಇರುವುದಿಲ್ಲ. ಹುಡುಗ ಬರುವುದು ಇಷ್ಟಪಟ್ಟು, ಉಳಿಯುವುದೂ ಇಷ್ಟಪಟ್ಟು.

ಸೇಂಟ್ ಕ್ಲೌಡ್ ಹಳಬ:

ಈ ಮಾತನ್ನು ನಾನು ಸರಿಯಾಗಿ ಹೇಳಲು ಒದ್ದಾಡುತ್ತಿದ್ದೆ. ಗಗ್ಲಿಯಾರ್ಡಿಯವರ ಇಡೀ ವೃತ್ತಿ ನಿಂತದ್ದು ಇದರ ಮೇಲೆ. ಹುಡುಗ ನಾಳೆ ಬರದಿದ್ದರೆ ಅವರು ಏನೂ ಮಾಡುವ ಹಾಗಿರಲಿಲ್ಲ. ಹಾಗಾಗಿ ನಾಳೆ ಬರಬೇಕು ಅನ್ನಿಸುವ ಹಾಗೆ ಅಭ್ಯಾಸ ಇಡಬೇಕಾಗಿತ್ತು.

ಅಕ್ಕ ಮೊದಲು ಕೇಳಿದ್ದು, ಅಲ್ಲಿ ಉಳಿದವರು ಬೇರೆ ಕೆಲಸ ಸಿಗದವರಾ ಅಂತ. ಅವರ ಮಟ್ಟಿಗೆ ಖಂಡಿತ ಅಲ್ಲ. 1965ರ ಹೊತ್ತಿಗೆ ಎರಡು ರಾಷ್ಟ್ರೀಯ ಪ್ರಶಸ್ತಿ ಕೈಯಲ್ಲಿದ್ದವು, 40 ವರ್ಷ ಕೂಡ ಆಗಿರಲಿಲ್ಲ. ಆದರೂ ಆ ಕಾಡಿನ ನಡುವೆಯೇ ಉಳಿದರು. ಮಕ್ಕಳನ್ನು ಅಲ್ಲೇ ಬೆಳೆಸಿದರು. ಮಗ ಜಿಮ್ ಅವರದೇ ತಂಡದಲ್ಲಿ ಆಡಿ, ಆಮೇಲೆ ಅವರ ಜೊತೆಗೇ ಕೋಚ್ ಆಗಿದ್ದರು. ಕಾಲೇಜಿನಲ್ಲಿ ಫುಟ್‌ಬಾಲ್ ಸಿದ್ಧಾಂತ ಅಂತ ಒಂದು ಕೋರ್ಸನ್ನೂ ಕಲಿಸುತ್ತಿದ್ದರು. ಆಟಗಾರರಲ್ಲದ ಹುಡುಗರೂ ಅದಕ್ಕೆ ಬಂದು ಕೂರುತ್ತಿದ್ದರು. ಈ ಸಣ್ಣ ಕಾಲೇಜುಗಳ ಅತ್ಯುತ್ತಮ ಆಟಗಾರನಿಗೆ ಕೊಡುವ ಪ್ರಶಸ್ತಿಗೆ 1993ರಿಂದ ಅವರದೇ ಹೆಸರು. 2006ರಲ್ಲಿ ಕಾಲೇಜು ಫುಟ್‌ಬಾಲಿನ ಹಾಲ್ ಆಫ್ ಫೇಮ್ ಅವರನ್ನು ಸೇರಿಸಿಕೊಂಡಿತು. ಸಾಮಾನ್ಯವಾಗಿ ನಿವೃತ್ತಿ ಆದವರಿಗೆ ಮಾತ್ರ ಸಿಗುವ ಗೌರವ. ಅವರು ಆಗಲೂ ಮೈದಾನದಲ್ಲೇ ಇದ್ದರು.

ಕೊನೆಯ ಎರಡು ವರ್ಷ ತಂಡ ಮೊದಲಿನ ಹಾಗೆ ಗೆಲ್ಲಲಿಲ್ಲ. ಸೇಂಟ್ ಥಾಮಸ್, ಅವರ ಹಳೆಯ ಎದುರಾಳಿ, ಬಹಳ ಮುಂದೆ ಹೋಗಿತ್ತು. ಇನ್ನೂ ಮುಂಚೆ ಬಿಡಬೇಕಿತ್ತು ಅನ್ನುವವರು ಇಲ್ಲಿದ್ದಾರೆ. ನನಗೆ ಅದು ಸರಿ ಅನ್ನಿಸುವುದಿಲ್ಲ, ಆದರೆ ಅವರ ಮಾತಿನಲ್ಲೂ ತೂಕ ಇದೆ. 2012ರ ನವೆಂಬರ್‌ನಲ್ಲಿ, 86ನೇ ವಯಸ್ಸಿನಲ್ಲಿ, ನಿವೃತ್ತಿ ಹೇಳಿದರು. ಅವರ ಹಳೆಯ ಆಟಗಾರ ಗ್ಯಾರಿ ಫಾಷಿಂಗ್ ಜವಾಬ್ದಾರಿ ತೆಗೆದುಕೊಂಡರು. 2018ರ ಅಕ್ಟೋಬರ್ 7ರಂದು ಗಗ್ಲಿಯಾರ್ಡಿ ತೀರಿಕೊಂಡರು. ನನ್ನ ಸಹೋದ್ಯೋಗಿ ಆ ವಾರ ರಜೆ ಹಾಕಿದ್ದರು. ಯಾಕೆ ಅಂತ ಆಫೀಸಿನಲ್ಲಿ ಯಾರೂ ಕೇಳಲಿಲ್ಲ.

ಪಿಟಿ ಮೇಷ್ಟ್ರು:

60 ವರ್ಷ ಒಂದೇ ಮೈದಾನ. ಹುಡುಗರ ಮಕ್ಕಳು, ಮೊಮ್ಮಕ್ಕಳು ಬಂದು ಅದೇ ಮನುಷ್ಯನ ಕೈಕೆಳಗೆ ಆಡಿರಬೇಕು. ತಾಯಿ, ನಿಮ್ಮ ಕೋಚ್ ಅಲ್ಲಿ ಎಷ್ಟು ವರ್ಷದಿಂದ ಇದ್ದಾರೆ, ಅವರ ಹಳೆಯ ಹುಡುಗರು ಈಗಲೂ ಬಂದು ಹೋಗುತ್ತಾರಾ ಅಂತ ಕೇಳಿ. ಮೇಷ್ಟ್ರು ಎಂಥವರು ಅಂತ ತಿಳಿಯಲು ಇದಕ್ಕಿಂತ ನೇರ ದಾರಿ ನನಗೆ ಗೊತ್ತಿಲ್ಲ.

ರಾಚೆಸ್ಟರ್ ಅಮ್ಮ:

ಐದು ವಾರ ಆಯಿತು, ಹೋಗಿ ಬಂದೆವು. ನೀವೆಲ್ಲ ಇಷ್ಟು ಬರೆದಿದ್ದೀರಿ, ಹೇಳದೆ ಇರಲು ಮನಸ್ಸು ಬರಲಿಲ್ಲ.

ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ನರ್ಸಮ್ಮ ಹೇಳಿದ ಪ್ರಶ್ನೆಯನ್ನೇ ಮೊದಲು ಕೇಳಿದೆ. ಕೋಚ್ ತಡವರಿಸಲಿಲ್ಲ. ಸೀಸನ್ ಶುರುವಾದ ಮೇಲೆ ಪೂರ್ತಿ ಕೆಡವಿಸುವುದು ಇಲ್ಲವೇ ಇಲ್ಲ, ಆಗಸ್ಟ್ ಕ್ಯಾಂಪಿನಲ್ಲಿ ಸ್ವಲ್ಪ ಇದೆ ಅಂತ ಕ್ಯಾಲೆಂಡರ್ ತೆಗೆದು ದಿನ ತೋರಿಸಿದರು. ಪೆಟ್ಟು ಬಿದ್ದರೆ ಮತ್ತೆ ಆಡಿಸುವ ತೀರ್ಮಾನ ತಮ್ಮದಲ್ಲ, ಡಾಕ್ಟರದ್ದು ಅಂದರು. ನಾನು "ಗಗ್ಲಿಯಾರ್ಡಿ" ಅಂದೆ ನೋಡಿ, ಅವರ ಮುಖವೇ ಬದಲಾಯಿತು. ಈ ಕೋಚ್ ಹುಡುಗನಾಗಿದ್ದಾಗ ಎದುರು ತಂಡದಲ್ಲಿ ಆಡಿ ಸೇಂಟ್ ಜಾನ್ಸ್ ಕೈಲಿ ಮೂರು ಸಲ ಸೋತಿದ್ದರಂತೆ. ಸೋತ ಮೇಲೆ ಆ ಅಜ್ಜ ಬಂದು ಕೈ ಕುಲುಕಿ ಊರು ಯಾವುದು, ಏನು ಓದುತ್ತಿದ್ದೀಯ ಅಂತ ವಿಚಾರಿಸಿದ್ದರಂತೆ.

ಮೇಷ್ಟ್ರ ಪ್ರಶ್ನೆ ಕೇಳಬೇಕಾಗಲೇ ಇಲ್ಲ. ನಾವು ಕೂತಿದ್ದಾಗಲೇ ಇಬ್ಬರು ಹಳೆಯ ಹುಡುಗರು ಬಾಗಿಲು ತಳ್ಳಿಕೊಂಡು ಒಳಗೆ ಬಂದರು. ಒಬ್ಬನ ತೋಳಿನಲ್ಲಿ ಮಗು ಇತ್ತು. ತೋರಿಸಲು ಕರೆದುಕೊಂಡು ಬಂದಿದ್ದನಂತೆ.

ಮಗ ಇನ್ನೂ ತೀರ್ಮಾನ ಮಾಡಿಲ್ಲ. ಇನ್ನೆರಡು ಕಾಲೇಜು ನೋಡಬೇಕು. ಭಯ ಪೂರ್ತಿ ಹೋಗಿಲ್ಲ, ಹೋಗುವುದೂ ಇಲ್ಲ. ಇವರು ಮಾತ್ರ ವಾಪಸ್ ಬರುವಾಗ ಕಾರಿನಲ್ಲಿ, ಮೂರನೇ ದರ್ಜೆ ಅನ್ನುವ ಮಾತು ಬಿಟ್ಟು, ಆ ಊರಿನಿಂದ ನಮ್ಮ ಮನೆಗೆ ಶನಿವಾರ ಬೆಳಿಗ್ಗೆ ಎಷ್ಟು ಹೊತ್ತಾಗುತ್ತದೆ ಅಂತ ಫೋನಿನಲ್ಲಿ ನೋಡುತ್ತಿದ್ದರು.